ಕಲಾಯಿ ಬಾಷುಮಿಯಾ ಮತ್ತು ಅಪ್ಪನ ಸ್ಟೀರಿಂಗು

ಬಾಷುಮಿಯಾನ ಬಗ್ಗೆ ಬರೆಯುವ ಯೋಗ್ಯತೆ ನನಗಿಲ್ಲ. ಇದನ್ನು ವಿನಯಕ್ಕಾಗಿ ಹೇಳುತ್ತಿಲ್ಲ. ಶಹಾಪುರದ ಬಸ್ ನಿಲ್ದಾಣದ ಹಿಂದೆ ಸಿಮೆಂಟು, ಪೈಪು ಮಾರುವ ಶರಣಕುಮಾರನಿಗೆ ವಿನಯ ಇದೆ ಎಂದರೆ ನನ್ನ ಗಿರಾಕಿಗಳೇ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ಸಿಟ್ಟು ನನ್ನ ಮೂಗಿನ ತುದಿಯಲ್ಲೇ ಇರುತ್ತದೆ. ಆ ಸಿಟ್ಟಿನಲ್ಲಿ ಒಬ್ಬ ಮುದುಕನ ಮಾನವನ್ನು ತುಂಬಿದ ಬಜಾರಿನಲ್ಲಿ ತೆಗೆದವನು ನಾನು. ಅವನು ಎಂಥ ಮನುಷ್ಯ ಎಂಬುದು ನನಗೆ ತಿಳಿದದ್ದು ಆಮೇಲೆ. ನನಗಿಂತ ಹದಿನೆಂಟು ವರ್ಷ ದೊಡ್ಡವನಾದರೂ ಅವನು ನನಗೆ 'ರಿ' ಹಚ್ಚಿ ಮಾತಾಡುತ್ತಾನೆ, ನಾನು ಅವನನ್ನು ಮೊದಲಿನಿಂದಲೂ ಏಕವಚನದಲ್ಲೇ ಕರೆದವನು. ಈಗ ಇದ್ದಕ್ಕಿದ್ದಂತೆ ಬಹುವಚನ ಹಚ್ಚಿದರೆ ನಾಟಕವಾದೀತು. ಅದಕ್ಕೇ ಹಳೆಯ ಹಾಗೆಯೇ ಬರೆಯುತ್ತೇನೆ.

ರಂಗಂಪೇಟೆ ಸುರಪುರಕ್ಕೆ ಅಂಟಿಕೊಂಡೇ ಇದೆ. ಅಲ್ಲಿಯ ಬಜಾರಿನಲ್ಲಿ ಹಂಪಣ್ಣನ ಚಹಾ ಹೋಟೆಲಿನ ಎದುರಿಗೆ ಒಂದು ಬೇವಿನ ಮರ, ಮರದ ಕೆಳಗೊಂದು ಗೋಣಿತಟ್ಟು, ತಟ್ಟಿನ ಮೇಲೆ ಬಾಷುಮಿಯಾ. ಅಂಗಡಿ ಅಂದರೆ ಇಷ್ಟೇ. ಅವನ ಅಪ್ಪ, ಅಜ್ಜ ನಿಜಾಮರ ಕಾಲದಿಂದ ಊರೂರು ತಿರುಗಿ ಹಿತ್ತಾಳೆ ತಾಮ್ರದ ಪಾತ್ರೆಗಳ ಒಳಮೈಗೆ ತವರ ಬಳಿಯುತ್ತಿದ್ದವರು. ಅದಕ್ಕೆ ಕಲಾಯಿ ಎನ್ನುತ್ತೇವೆ. ಬಾಷುಮಿಯಾ ಕೂಡ ಮದುವೆಯಾದ ಹೊಸತರಲ್ಲಿ ಹೆಂಡತಿ ಖುರ್ಷೀದಬೇಗಂಳನ್ನು ಕರೆದುಕೊಂಡು ಕೊಂಕಲ್ಲು, ಸೈದಾಪುರದ ತನಕ ಹೋಗುತ್ತಿದ್ದನಂತೆ. ಅವಳು ತಿದಿ ಒತ್ತಬೇಕು, ಇವನು ಪಾತ್ರೆ ಕಾಯಿಸಬೇಕು. "ಅಕಿ ಗಾಳಿ ಹೊಡೀಲಿಲ್ಲಂದ್ರ ನನ್ನ ಬೆಂಕಿ ಎಲ್ಲೀದ್ರಿ" ಎಂದು ಈಗಲೂ ಅವಳೆದುರಿಗೇ ಚೇಷ್ಟೆ ಮಾಡುತ್ತಾನೆ. ಅವಳು ದಖನಿಯಲ್ಲಿ ಏನೋ ಬೈಯುತ್ತಾಳೆ, ಅವನು ಹಿಗ್ಗುತ್ತಾನೆ.

ಸ್ಟೀಲು ಬಂದ ಮೇಲೆ ಕಲಾಯಿ ಕೇಳುವವರು ಕಡಿಮೆಯಾದರು. ಬಾಷುಮಿಯಾನ ಕೈಯಲ್ಲಿ ಉಳಿದದ್ದು ಎರಡು ಕೆಲಸ. ಒಂದು, ಲೋಹದ ಸಾಮಾನು ಯಾವುದೇ ಇರಲಿ, ತಿಕ್ಕಿ ಬೆಳಗುವುದು. ಗುಡಿಯ ಗಂಟೆ, ದರ್ಗಾದ ಕಳಸ, ಮದುವೆ ಮನೆಯ ದೀಪದ ಸಮೆ, ಕಡೆಗೆ ಬುಲೆಟ್ ಗಾಡಿಯ ಸೈಲೆನ್ಸರ್ ಕೂಡ. ಇನ್ನೊಂದು, ಪಾತ್ರೆಗಳಿಗೆ ಹೆಸರು ಹಾಕುವುದು. ಪಾತ್ರೆ ಅಂಗಡಿಗಳಲ್ಲಿ ಈಗ ಕರೆಂಟಿನ ಪೆನ್ನು ಬಂದಿದೆ. ಗುರ್ರೆಂದು ಗೀಚಿ ಕೊಡುತ್ತಾರೆ. ಬಾಷುಮಿಯಾ ಮಾತ್ರ ಕಡ್ಡಿಯಷ್ಟು ಸಣ್ಣ ಉಳಿ, ಗೇಣುದ್ದದ ಸುತ್ತಿಗೆ ಹಿಡಿದು ಚುಕ್ಕೆಗೆ ಚುಕ್ಕೆ ಜೋಡಿಸಿ ಕನ್ನಡ, ಉರ್ದು, ತೆಲುಗು ಮೂರನ್ನೂ ಕೊರೆಯುತ್ತಾನೆ. ಶಾಲೆಯ ಮೆಟ್ಟಿಲು ಹತ್ತಿದವನಲ್ಲ. ಅಕ್ಷರಗಳೆಲ್ಲ ಅವನಿಗೆ ಪಾತ್ರೆಗಳ ಮೇಲೆಯೇ ಬಂದವು.

ಅವನಲ್ಲಿ ಒಂದು ಹಟವೂ ಇದೆ. ತಂದ ಸಾಮಾನನ್ನೆಲ್ಲ ತಿಕ್ಕುವುದಿಲ್ಲ. ಒಮ್ಮೆ ಯಾರೋ ದೊಡ್ಡವರು ಮನೆಯ ಹಳೆಯ ತಾಂಬೂಲದ ಪೆಟ್ಟಿಗೆ ತಂದು, ಕಪ್ಪಾಗಿದೆ, ಥಳಥಳ ಮಾಡಿಕೊಡು ಅಂದರಂತೆ. ಬಾಷುಮಿಯಾ ಹೆಬ್ಬೆರಳಿನಿಂದ ಒರೆಸಿ ನೋಡಿ ವಾಪಸು ಕೊಟ್ಟ. "ಇದು ಹೊಲಸಲ್ರಿ, ಇದರ ವಯಸ್ಸು. ಇದನ್ನ ತಿಕ್ಕಬಾರದ್ರಿ." ಆ ದೊಡ್ಡವರು ಮುನಿಸಿಕೊಂಡು ಹೋದರು. ಈ ಕತೆ ಕೇಳಿ ನಾನೂ ನಕ್ಕಿದ್ದೆ. ಬಂದ ಕೆಲಸ ಒಲ್ಲೆ ಅನ್ನುವ ಹುಚ್ಚ ಎಂದುಕೊಂಡಿದ್ದೆ.

ಅವನಿಗೂ ನಮ್ಮ ಮನೆಗೂ ನಂಟು ಅವ್ವನ ಪಾತ್ರೆಗಳಿಂದ. ನನ್ನವ್ವ ಕಲ್ಯಾಣಮ್ಮ ಯಾದಗಿರಿಯ ಹತ್ತಿ ವ್ಯಾಪಾರಿಯ ಮಗಳು. ಮದುವೆಯಲ್ಲಿ ಅವಳ ಜೊತೆ ಬಂದ ಕೊಡ, ತಪೇಲಿ, ಪರಾತ, ಸೌಟು ಎಲ್ಲದರ ಮೇಲೆ 'ಕಲ್ಯಾಣಮ್ಮ' ಎಂದು ಚುಕ್ಕೆಯ ಹೆಸರು. ತವರಿನಿಂದ ಬಂದದ್ದರ ಮೇಲೆ ಮಗಳ ಹೆಸರಿರಬೇಕು, ಅತ್ತೆ ಮನೆಯಲ್ಲಿ ಏನೇ ಆದರೂ ಅದು ಅವಳದೇ ಎಂದು ಗೊತ್ತಿರಬೇಕು, ಇದು ನಮ್ಮ ಕಡೆಯ ಪದ್ಧತಿ. ಬಾಷುಮಿಯಾ ವರ್ಷಕ್ಕೊಮ್ಮೆ ಶಹಾಪುರಕ್ಕೆ ಬಂದು, ಹಿತ್ತಲ ಕಟ್ಟೆಯ ಮೇಲೆ ಕೂತು ಆ ಪಾತ್ರೆಗಳನ್ನೆಲ್ಲ ಬೆಳಗಿ ಹೋಗುತ್ತಿದ್ದ.

ಇನ್ನು ಕಾರಿನ ವಿಷಯ. ನಮ್ಮಪ್ಪ ಮರಿಲಿಂಗಪ್ಪನ ಹೆಸರು ಹೇಳಿದರೆ ಶಹಾಪುರದ ಹಳೆಯ ಮಂದಿ ಇಂದಿಗೂ "ಕಾರಿನ ಮರಿಲಿಂಗಪ್ಪನೇನು?" ಎನ್ನುತ್ತಾರೆ. ಅರವತ್ತೇಳು ಅರವತ್ತೆಂಟರಿಂದ ಅವನ ಹತ್ತಿರ ಕಡು ಹಸಿರು ಬಣ್ಣದ ಒಂದು ವಿಲಾಯತಿ ಕಾರಿತ್ತು. ಅದರ ಸ್ಟೀರಿಂಗನ್ನು ಅಪ್ಪ ಯಾರಿಗೂ ಮುಟ್ಟಗೊಡುತ್ತಿರಲಿಲ್ಲ. ನಾನು ಪಕ್ಕದಲ್ಲಿ, ಅವ್ವ ಹಿಂದಿನ ಸೀಟಿನಲ್ಲಿ. ಅಪ್ಪ ತೀರಿಕೊಂಡು ಒಂಬತ್ತು ವರ್ಷ ಕಾರು ತಗಡಿನ ಶೆಡ್ಡಿನಲ್ಲಿ ಮಲಗಿತ್ತು. ಕಲಬುರಗಿಯ ಹಳೇ ಕಾರಿನವರ ಗುಂಪಿಗೆ ನನ್ನನ್ನು ಯಾರೋ ಸೇರಿಸಿದ ಮೇಲೆ ನನಗೆ ಹುಚ್ಚು ಹಿಡಿಯಿತು. ಅವರದೊಂದೇ ಮಂತ್ರ: ಕಾರು ಕಂಪನಿಯಿಂದ ಬಂದ ದಿನ ಹೇಗಿತ್ತೋ ಹಾಗೇ ಇರಬೇಕು, ಒಂದು ಗೀರು ಹೆಚ್ಚಿರಬಾರದು. ಏಪ್ರಿಲ್‌ನಲ್ಲಿ ಅವರ ಮೆರವಣಿಗೆಯಿತ್ತು. ಎಂಜಿನ್ನು, ಬಣ್ಣ, ಸೀಟು ಎಲ್ಲ ಆಯಿತು. ಉಳಿದದ್ದು ಸ್ಟೀರಿಂಗು.

ಅದರ ಅವತಾರ ನೋಡುವಂತಿರಲಿಲ್ಲ. ನಡುವೆ ಗುಂಬ, ಗುಂಬದಿಂದ ಮೂರು ಅಗಲ ಕಡ್ಡಿಗಳು, ಸುತ್ತ ಬಳೆ, ಎಲ್ಲವೂ ಅಲ್ಯುಮಿನಿಯಂ. ಅಪ್ಪ ಕೈ ಜಾರದಿರಲೆಂದು ಬಳೆಗೆ ಪ್ಲಾಸ್ಟಿಕ್ ವೈರು ಸುತ್ತಿಸಿದ್ದ. ಅದು ಬಿಸಿಲಿಗೆ ಕರಗಿ ಅಂಟಾಗಿತ್ತು. ಕಡ್ಡಿಗಳ ಮೇಲೆ ಬೆಳ್ಳಿ ಬಣ್ಣ, ಅದರ ಕೆಳಗೆ ಹಸಿರು, ಅದರ ಕೆಳಗೆ ಐವತ್ತು ವರ್ಷದ ಬೆವರು. ಫೆಬ್ರುವರಿಯಲ್ಲಿ ಪಾತ್ರೆ ಬೆಳಗಲು ಬಂದ ಬಾಷುಮಿಯಾನಿಗೆ ಅದನ್ನು ಬಿಚ್ಚಿಸಿ ಕೊಟ್ಟೆ. ಅವನು ಉಗುರಿನಿಂದ ಒಂದು ಕಡೆ ಕೆರೆದು, ಕಿವಿಯ ಹತ್ತಿರ ಹಿಡಿದು ಬೆರಳಿನಿಂದ ಬಾರಿಸಿ ನೋಡಿದ. "ಒಳಗ ಛಲೋ ಅದ್ರಿ. ಮೂರು ವಾರ ಕೊಡ್ರಿ" ಎಂದ. ನಾನು ಹೂಂ ಎಂದು ಅಂಗಡಿಗೆ ಹೋದೆ. ಅವನು ಸಂಜೆಯ ತನಕ ಹಿತ್ತಲಲ್ಲಿ ಅವ್ವನ ಪಾತ್ರೆ ತಿಕ್ಕಿ, ಸ್ಟೀರಿಂಗನ್ನು ಗೋಣಿಚೀಲದಲ್ಲಿ ಹಾಕಿಕೊಂಡು ಬಸ್ಸು ಹತ್ತಿದ.

ನಡುವೆ ಒಮ್ಮೆ ರಂಗಂಪೇಟೆಗೆ ಹೋಗಿ ಅವನ ಕೆಲಸ ನೋಡಿದೆ. ಸೀಮೆಎಣ್ಣೆಯಲ್ಲಿ ನೆನೆಸಿದ ಬಟ್ಟೆ ಸುತ್ತಿಟ್ಟು ಅಂಟನ್ನು ಮೆತ್ತಗೆ ಮಾಡುತ್ತಿದ್ದ. ಬಿದಿರಿನ ಸೀಳಿನಿಂದ ಬಣ್ಣ ಎಬ್ಬಿಸುತ್ತಿದ್ದ, ಕಬ್ಬಿಣ ತಾಗಿಸುತ್ತಿರಲಿಲ್ಲ. ಜಲ್ದಿ ಆಗಲಿ, ಸೋಡಾ ಹಾಕಿ ಉಜ್ಜು ಎಂದೆ. "ಸೋಡಾ ತಾಗಿತಂದ್ರ ಇದು ಮಾರಿ ಕರ್ರಗ ಮಾಡ್ಕೊಂಡು ಕುಂದರ್ತದ್ರಿ. ಹಿತ್ತಾಳಿ ಬ್ಯಾರೆ, ಇದು ಬ್ಯಾರೆ" ಎಂದು ನೀರಿನಲ್ಲಿ ಅದ್ದಿದ ಮರಳುಕಾಗದವನ್ನು ಕಡ್ಡಿಯ ಉದ್ದಕ್ಕೆ ಎಳೆದ. ಉದ್ದಕ್ಕೇ ಎಳೆಯಬೇಕು, ಅಡ್ಡ ಎಳೆದರೆ ಗೀರು ಕೂರುತ್ತದೆ. ಒರಟು ಕಾಗದ, ಆಮೇಲೆ ನಯದ್ದು, ಆಮೇಲೆ ಇನ್ನೂ ನಯದ್ದು, ಕೊನೆಗೆ ಹಳೆಯ ಧೋತರದ ಚಿಂದಿ. ಅರ್ಧ ಗಂಟೆಯಲ್ಲಿ ಹೆಬ್ಬೆರಳಿನಷ್ಟು ಜಾಗ ಬೆಳ್ಳಗಾಯಿತು.

ಮಾರ್ಚಿನ ಎರಡನೆಯ ವಾರ, ಸಂತೆಯ ದಿನ, ಕೆಲಸ ಮುಗಿದಿದೆ ಎಂದು ಹಂಪಣ್ಣನ ಫೋನಿನಿಂದ ಹೇಳಿಸಿದ. ಹೋದೆ. ಅವನು ಬಟ್ಟೆ ಸರಿಸಿ ತೋರಿಸಿದಾಗ, ಸುಳ್ಳು ಯಾಕೆ ಹೇಳಲಿ, ಅಪ್ಪನ ಕೈಯಲ್ಲೂ ಅದನ್ನು ಅಷ್ಟು ಚೆಂದ ನಾನು ಕಂಡಿರಲಿಲ್ಲ. ಕೈಗೆ ತೆಗೆದುಕೊಂಡು ತಿರುವಿ ಹಾಕಿದೆ. ಕೆಳಗಿನ ಕಡ್ಡಿಯ ಹಿಂದೆ, ಕಣ್ಣಿಟ್ಟು ನೋಡಿದರೆ ಮಾತ್ರ ಕಾಣುವಷ್ಟು ಸಣ್ಣದಾಗಿ, ಚುಕ್ಕೆ ಚುಕ್ಕೆಯಲ್ಲಿ 'ಕಲ್ಯಾಣಮ್ಮ' ಎಂದಿತ್ತು.

ನನಗೆ ತಕ್ಷಣ ಹೊಳೆದದ್ದು ಒಂದೇ. ಈ ಮುದುಕ ನಲವತ್ತು ವರ್ಷದಿಂದ ನಮ್ಮ ಮನೆಯ ಪ್ರತಿ ಸಾಮಾನಿನ ಮೇಲೆ ಇದೇ ಹೆಸರು ನೋಡಿ ನೋಡಿ, ಕೈಯ ರೂಢಿಗೆ ಇದರ ಮೇಲೂ ಕೊರೆದುಬಿಟ್ಟಿದ್ದಾನೆ. ಕಲಬುರಗಿಯವರು ಮಸೂರ ಹಿಡಿದು ನೋಡುವವರು. ಅವರ ಮುಂದೆ ನನ್ನ ಗತಿ ಏನು? ಸಿಟ್ಟು ನೆತ್ತಿಗೆ ಏರಿತು.

"ಏ ಬಾಷುಮಿಯಾ, ಏನಿದು?"

"ಹೆಸರ್ರಿ."

"ಅದು ನನಗೂ ಕಾಣ್ತದ. ನಿನಗ ಯಾರು ಹಾಕು ಅಂದ್ರು?"

ಅವನು ಬಾಯಿ ತೆರೆದ. ಏನೋ ಹೇಳಲು ಹೋಗಿ ಮುಚ್ಚಿಕೊಂಡ. "ತಪ್ಪಾಯ್ತ್ರಿ" ಎಂದ.

"ಇದನ್ನೇನು ತಪೇಲಿ ಅಂತ ತಿಳ್ಕೊಂಡಿಯೇನು?" ಎಂದೆ. ಹೋಟೆಲಿನ ಮುಂದೆ ಚಹಾ ಕುಡಿಯುತ್ತಿದ್ದವರು ನಕ್ಕರು. ಜನ ನಕ್ಕರೆ ನನ್ನ ಬಾಯಿ ಮತ್ತೂ ದೊಡ್ಡದಾಗುತ್ತದೆ, ಇದು ನನ್ನ ಹಳೆಯ ರೋಗ. ಸ್ಟೀರಿಂಗನ್ನು ಮೇಲೆತ್ತಿ ಸಂತೆಗೆಲ್ಲ ತೋರಿಸಿದೆ. "ನೋಡ್ರಪಾ, ನಮ್ಮ ಕಾರು ತಪೇಲಿ ಮಾಡ್ಯಾನ ಇಂವ! ಕಣ್ಣು ಹೋಗ್ಯಾವ, ಬುದ್ಧೀನೂ ಹೋಗ್ಯಾದ. ಇನ್ನ ಮ್ಯಾಲ ಯಾರೂ ಇವನ ಕೈಯಾಗ ಸಾಮಾನ ಕೊಡಬ್ಯಾಡ್ರಿ, ಕೆಡಸಿ ಇಡ್ತಾನ!" ಎಲ್ಲರೂ ನಕ್ಕರು. ಹೆಸರು ಹಾಕಿಸಲು ಹೊಸ ಕೊಡ ತಂದು ನಿಂತಿದ್ದ ಹೆಂಗಸೊಬ್ಬಳು ಕೊಡವನ್ನು ಸೆರಗಿನ ಕೆಳಗೆ ಎಳೆದುಕೊಂಡು ಹೊರಟುಹೋದಳು. ಬಾಷುಮಿಯಾ ಅವಳು ಹೋದ ಕಡೆ ನೋಡುತ್ತಿದ್ದ. ನಾನು ಅದನ್ನು ಕಂಡೆ, ಕಂಡೂ ನಿಲ್ಲಿಸಲಿಲ್ಲ.

ಅಷ್ಟಕ್ಕೂ ತೃಪ್ತಿಯಾಗದೆ ಸುರಪುರದ ಒಂದು ಲೇಥ್ ಅಂಗಡಿಯ ಮುಂದೆ ಗಾಡಿ ನಿಲ್ಲಿಸಿದೆ. ಆ ಹೆಸರು ತೆಗಿ ಎಂದೆ. ಅಂಗಡಿಯವನು ಮಷಿನ್ನು ಹಚ್ಚಿದ. ಎರಡು ನಿಮಿಷದಲ್ಲಿ ಹೆಸರು ಹೋಯಿತು, ಹೆಸರಿದ್ದ ಜಾಗದಲ್ಲಿ ಒಂದು ತಗ್ಗು ಬಿತ್ತು.

ಮನೆಗೆ ಬಂದು ಸ್ಟೀರಿಂಗನ್ನು ಅವ್ವನ ಮುಂದಿಟ್ಟೆ. ಅವಳ ಮುಖ ಅರಳಿತು. ಎಪ್ಪತ್ತಾರರ ನನ್ನವ್ವ ಅದನ್ನು ತೊಡೆಯ ಮೇಲೆ ಎಳೆದುಕೊಂಡಳು. ಮುಂದಿನ ಮೈಯನ್ನು ನೋಡಲೇ ಇಲ್ಲ, ತಟ್ಟನೆ ಬೋರಲು ಹಾಕಿ ಕೆಳಗಿನ ಕಡ್ಡಿಯ ಮೇಲೆ ಬೆರಳಾಡಿಸಿದಳು. ಆ ಬೆರಳು ಅತ್ತ ಹೋಯಿತು, ಇತ್ತ ಬಂತು. ಕನ್ನಡಕ ಹಾಕಿಕೊಂಡು ಮತ್ತೆ ನೋಡಿದಳು. ನಾನು ಬಜಾರಿನಲ್ಲಿ ಮಾಡಿದ ಪರಾಕ್ರಮವನ್ನು ಆಗ ಹೇಳತೊಡಗಿದ್ದೆ, ಕೈ ಬಾಯಿ ತಿರುಗಿಸಿ, ಮಂದಿ ಹೇಗೆ ನಕ್ಕರು ಎಂಬುದನ್ನೂ ಸೇರಿಸಿ. ಲೇಥ್ ಅಂಗಡಿಯ ತನಕ ಎಲ್ಲ ಹೇಳಿ ಮುಗಿಸಿದೆ.

"ನಾನಽ ಹಾಕು ಅಂದಿದ್ದೆ" ಎಂದಳು ಅವ್ವ.

ಅವಳು ಹೇಳಿದ್ದು ಕಡಿಮೆ ಮಾತಿನಲ್ಲಿ. ಆ ಕಾರು ಅವಳ ಅಪ್ಪ ಮದುವೆಯಲ್ಲಿ ಕೊಟ್ಟದ್ದು. ಪಾತ್ರೆಗಳ ಜೊತೆಯೇ, ಅವಳ ಸಾಮಾನೆಂದೇ ಯಾದಗಿರಿಯಿಂದ ಬಂದದ್ದು. ಸೌಟಿನ ಮೇಲೂ ಅವಳ ಹೆಸರಿತ್ತು, ಕಾರಿನ ಮೇಲೆ ಮಾತ್ರ ಇರಲಿಲ್ಲ. ಊರೆಲ್ಲ ಮರಿಲಿಂಗಪ್ಪನ ಕಾರು ಎಂದಿತು, ಅಪ್ಪನೂ ಹಾಗೇ ಅಂದ, ಮಗನೂ ಹಾಗೇ ಬೆಳೆದ. ಆ ದಿನ ಹಿತ್ತಲಲ್ಲಿ ಪಾತ್ರೆ ತಿಕ್ಕುತ್ತಿದ್ದ ಬಾಷುಮಿಯಾನ ಪಕ್ಕ ಸ್ಟೀರಿಂಗು ಬಿದ್ದಿರುವುದನ್ನು ಕಂಡು ಅವಳಿಗೆ ಆಸೆಯಾಯಿತು. ಹಿಂದುಗಡೆ, ಯಾರಿಗೂ ಕಾಣದ ಹಾಗೆ ಹಾಕು, ಮಗನಿಗೆ ನಾನೇ ಹೇಳುತ್ತೇನೆ, ನೀನು ಬಾಯಿ ಬಿಡಬೇಡ ಎಂದಿದ್ದಳು. ಹೇಳಲು ಇಷ್ಟು ದಿನ ಧೈರ್ಯ ಸಾಲಲಿಲ್ಲವಂತೆ. ತನ್ನ ಕಾರಿನ ಮೇಲೆ ತನ್ನ ಹೆಸರು ಹಾಕಿಸಿದೆ ಎಂದು ಹೆತ್ತ ಮಗನಿಗೆ ಹೇಳಲು ನನ್ನವ್ವ ಹೆದರಿದ್ದಳು.

ನೆಲ ಬಿರಿದು ನುಂಗಬಾರದೇ ಅನ್ನಿಸುವುದು ಏನೆಂದು ನನಗೆ ಆಗ ಗೊತ್ತಾಯಿತು. ಬಾಷುಮಿಯಾ ಬಾಯಿ ತೆರೆದು ಮುಚ್ಚಿಕೊಂಡದ್ದು ಕಣ್ಣ ಮುಂದೆ ಬಂತು. ನಾನು ಎದ್ದು ಅಂಗಡಿಗೆ ಹೋದೆ. ಹೇಡಿಗಳು ಮಾಡುವುದೇ ಹೀಗೆ.

ನಾಲ್ಕು ದಿನ ಬಿಟ್ಟು ರಂಗಂಪೇಟೆಗೆ ಹೋದೆ. ಬಜಾರಿಗೆ ಹೋಗಲಿಲ್ಲ. ಹಿಂದಿನ ಗಲ್ಲಿಯಿಂದ, ಯಾರೂ ಕಾಣದ ಉರಿಬಿಸಿಲಿನ ಹೊತ್ತಿನಲ್ಲಿ ಅವನ ಮನೆಗೆ ಹೋದೆ. ಖುರ್ಷೀದಬೇಗಂ ನೀರು ಕೊಟ್ಟಳು, ಮುಖ ಕೊಡಲಿಲ್ಲ. ಬಾಷುಮಿಯಾ ಚಾಪೆ ಹಾಸಿ, "ಬರ್ರಿ, ಕುಂದರ್ರಿ" ಎಂದ, ಏನೂ ಆಗಿಯೇ ಇಲ್ಲ ಎನ್ನುವ ಹಾಗೆ.

"ಅವ್ವ ಹೇಳ್ಯಾಳಂತ ಅವತ್ತಽ ಯಾಕ ಹೇಳಲಿಲ್ಲ?" ಎಂದು ಕೇಳಿದೆ. ನೋಡಿ ನನ್ನ ಧಿಮಾಕು, ಮಾಫಿ ಕೇಳಲು ಹೋದವನು ಜವಾಬು ಕೇಳುತ್ತಿದ್ದೆ.

"ಅವ್ವಾರು ತಾವಽ ಹೇಳ್ತೀನಿ ಅಂದಿದ್ರು. ಅವರು ಹೇಳೂ ಮಾತು ನಾ ಹ್ಯಾಂಗ ಹೇಳ್ಲಿ? ಅದೂ ಮಂದಿ ನಗಾಕತ್ತಾಗ. ಅವ್ವಾರು ಹೇಳ್ಯಾರ ಅಂದಿದ್ರ ಆ ನಗಿ ಎಲ್ಲಿ ಹೋಗ್ತಿತ್ರಿ? ನಿಮ್ಮ ಮನಿಗಿ ಹೋಗ್ತಿತ್ತು. ನನ್ನ ಮ್ಯಾಲ ನಕ್ಕರ ಏನಾತು, ನಾ ಬಜಾರದಾಗ ಕುಂದ್ರಾಂವ."

ನನಗೆ ಅವನ ಕಣ್ಣಿಗೆ ಕಣ್ಣು ಕೊಡಲಾಗಲಿಲ್ಲ. ಚಾಪೆ ನೋಡುತ್ತಲೇ "ತಪ್ಪಾತು, ಮಾಫ್ ಮಾಡು" ಎಂದೆ.

ಬಾಷುಮಿಯಾ ನೀರಿನ ತಂಬಿಗೆಯನ್ನು ನನ್ನ ಕಡೆ ಸರಿಸಿದ. "ಬೈದದ್ದು ಬಜಾರದಾಗ. ಮಾಫಿ ಮನ್ಯಾಗ ಕೇಳಾಕತ್ತೀರಿ" ಎಂದ. ಸಿಟ್ಟಿನಿಂದ ಅನ್ನಲಿಲ್ಲ, ಇದ್ದದ್ದನ್ನು ಇದ್ದ ಹಾಗೆ ಅಂದ. ನನಗೋ ಸಿಟ್ಟು ಮತ್ತೆ ಮೂಗಿನ ತುದಿಗೆ ಬಂತು. ಇಷ್ಟು ದೂರ ಬಂದು ಕೈ ಮುಗಿದರೂ ಸಾಲದೇ ಇವನಿಗೆ ಎಂದುಕೊಂಡು ಎದ್ದೆ. ಬಾಗಿಲ ತನಕ ಬಂದ ಖುರ್ಷೀದಬೇಗಂ ದನಿ ತಗ್ಗಿಸಿ ಹೇಳಿದಳು: "ಹೆಸರಿನ ಕೆಲಸ ಬಿಟ್ಟಾರ್ರಿ. ಯಾರರ ತಂದ್ರ ಅಂಗಡಿಗಿ ಹೋಗ್ರಿ ಅಂತ ಕಳಸ್ತಾರ. ಉಳಿ ಜ್ವಾಳದ ಡಬ್ಬಿ ಹಿಂದ ಒಗದಾರ."

ಏಪ್ರಿಲ್ ಬಂತು, ಕಲಬುರಗಿಯ ಮೆರವಣಿಗೆ ಬಂತು, ಹೋಯಿತು. ಸ್ಟೀರಿಂಗಿಲ್ಲದ ಕಾರು ಶೆಡ್ಡಿನಲ್ಲೇ ಇತ್ತು. ಗುಂಪಿನವರು ಫೋನು ಮಾಡಿದರೆ ಬ್ಯಾಟರಿ ಹೋಗಿದೆ ಎಂದು ಸುಳ್ಳು ಹೇಳಿದೆ. ಅವ್ವ ಎಂದಿನ ಹಾಗೆ ಊಟಕ್ಕೆ ಕರೆಯುತ್ತಿದ್ದಳು, ರೊಟ್ಟಿ ಬಡಿಸುತ್ತಿದ್ದಳು, ಕಾರಿನ ಮಾತೆತ್ತುತ್ತಿರಲಿಲ್ಲ. ಅವಳು ಬೈದಿದ್ದರೆ ನಾನೂ ತಿರುಗಿ ಬೈದು ಹಗುರಾಗುತ್ತಿದ್ದೆ. ಆ ದಾರಿಯನ್ನೂ ಅವಳು ನನಗೆ ಉಳಿಸಲಿಲ್ಲ. ನೀರು ಕುಡಿಯಲು ತಂಬಿಗೆ ಎತ್ತಿದರೆ ಅದರ ಮೇಲೆ ಅವಳ ಹೆಸರು, ಸಾರು ಬಡಿಸಿಕೊಂಡರೆ ಸೌಟಿನ ಮೇಲೆ ಅವಳ ಹೆಸರು. ಐವತ್ತನಾಲ್ಕು ವರ್ಷ ಕಣ್ಣಿಗೆ ಬೀಳದ್ದು ಈಗ ಊಟ ಮಾಡಗೊಡುತ್ತಿರಲಿಲ್ಲ.

ಕೊನೆಗೆ ಮೇ ತಿಂಗಳ ಒಂದು ಸಂತೆಯ ದಿನ ಸ್ಟೀರಿಂಗನ್ನು ಚೀಲದಲ್ಲಿ ಹಾಕಿಕೊಂಡು ರಂಗಂಪೇಟೆಯ ಬಜಾರಿಗೆ ಹೋದೆ. ಬೇವಿನ ಮರವನ್ನು ಎರಡು ಸಲ ದಾಟಿ ಹೋದೆ. ಹಂಪಣ್ಣನ ಹೋಟೆಲಿನಲ್ಲಿ ಎರಡು ಚಹಾ ಕುಡಿದೆ, ಬೇಡದಿದ್ದರೂ ಒಂದು ಭಜಿ ತಿಂದೆ. ಇನ್ನು ತಿನ್ನಲು ಏನೂ ಉಳಿಯದಾದಾಗ ಎದ್ದು ಹೋಗಿ ಅವನ ಮುಂದೆ ನಿಂತೆ.

"ಬಾಷುಮಿಯಾ, ಅವತ್ತು ನಾ ಬೈದದ್ದು ತಪ್ಪು" ಎಂದೆ.

"ಏನ್ರೀ ಸಾವಕಾರ್ರ," ಹಿಂದಿನಿಂದ ಹಂಪಣ್ಣ ಕೂಗಿದ, "ಅವತ್ತು ದನಿ ಭಾಳ ದೊಡ್ಡದಿತ್ತಲ್ಲ!"

ಕಿವಿಗಳು ಬಿಸಿಯಾದವು. ಬಾಳೆಹಣ್ಣು ಮಾರುವವಳಿಂದ ಹಿಡಿದು ಎಲ್ಲರೂ ನನ್ನ ಕಡೆ ತಿರುಗಿದ್ದರು. ಸಂತೆಗೆಲ್ಲ ಕೇಳುವ ಹಾಗೆ ಮತ್ತೆ ಹೇಳಿದೆ. ಬಾಷುಮಿಯಾನ ಕೆಲಸದಲ್ಲಿ ತಪ್ಪಿರಲಿಲ್ಲ, ಹೇಳಿದ ಕೆಲಸವನ್ನೇ ಅವನು ಮಾಡಿದ್ದ, ಗೊತ್ತಿಲ್ಲದೆ ಬಾಯಿ ಹರಿಬಿಟ್ಟವನು ನಾನು, ಅವನ ಕೈಯಷ್ಟು ಒಳ್ಳೆಯ ಕೈ ಈ ಮೂರು ತಾಲೂಕಿನಲ್ಲಿ ಇಲ್ಲ ಎಂದೆ. ಈ ಸಲ ಯಾರೂ ನಗಲಿಲ್ಲ, ಅದು ಇನ್ನೂ ಕಷ್ಟವಾಯಿತು.

"ಆತ್ರಿ. ಕುಂದರ್ರಿ" ಎಂದ ಬಾಷುಮಿಯಾ, ಗೋಣಿತಟ್ಟಿನ ಮೇಲೆ ಜಾಗ ಮಾಡಿ.

ಚೀಲದಿಂದ ಸ್ಟೀರಿಂಗು ತೆಗೆದುಕೊಟ್ಟೆ. ಅವನ ಹೆಬ್ಬೆರಳು ನೇರವಾಗಿ ಆ ತಗ್ಗಿಗೆ ಹೋಯಿತು. ನಾನು ಅಷ್ಟು ಬೈದಾಗ ಬದಲಾಗದ ಅವನ ಮುಖ ಆಗ ಬದಲಾಯಿತು. ಇದು ಯಾರು ಮಾಡಿದ್ದು ಎಂದು ಕೇಳಿದ. ನಾನೇ ಮಾಡಿಸಿದೆ ಎಂದೆ. "ಮೂರು ವಾರ ತಿಕ್ಕಿದ್ನಲ್ರಿ ಇದನ್ನ" ಎಂದಷ್ಟೇ ಅಂದು ಪಕ್ಕಕ್ಕಿಟ್ಟ.

"ಮತ್ತ ಹೆಸರು ಹಾಕಿ ಕೊಡು, ಬಾಷುಮಿಯಾ."

"ಹಾಕಂಗಿಲ್ರಿ."

"ಮಾಫಿ ಕೇಳಿದ್ನಲ್ಲ?"

"ನನಗ ಕೇಳಿದ್ರಿ, ಮುಗೀತು. ಹೆಸರಿನ ಮಾತು ಬ್ಯಾರೆ. ಸಾಮಾನ ಯಾರದೋ ಅವರು ಬಂದು ಹಾಕು ಅನ್ನಬೇಕು. ಇದು ನಿಮ್ಮ ಸಾಮಾನ ಅಲ್ರಿ."

"ಅವ್ವ ಬಜಾರಕ್ಕ ಬರಂಗಿಲ್ಲ, ಬಾಷುಮಿಯಾ. ಎಂದೂ ಬಂದಿಲ್ಲ."

"ಬರ್ತೀಯೇನು ಅಂತ ಕೇಳಿರೇನು?"

ಕೇಳಿರಲಿಲ್ಲ.

"ಮಾಫಿ ಆದ್ರೂ ಕೇಳಿರೇನು ಅವರಿಗಿ?"

ಅದನ್ನೂ ಕೇಳಿರಲಿಲ್ಲ. ಎರಡು ತಿಂಗಳು ನಾನು ಹೊರಳಾಡಿದ್ದು ಬಜಾರಿನ ಚಿಂತೆಯಲ್ಲಿ. ನನ್ನ ಮೂಗು, ಅವನ ಮಾನ, ಮಂದಿಯ ನಗು. ಯಾರ ಹೆಸರನ್ನು ಅಳಿಸಿದೆನೋ ಅವಳಿಗೆ ಒಂದು ಮಾತು ಹೇಳಬೇಕೆಂದು ನನಗೆ ಹೊಳೆದೇ ಇರಲಿಲ್ಲ. ದಿನಕ್ಕೆ ಎರಡು ಹೊತ್ತು ಅವಳು ಬಡಿಸಿದ್ದನ್ನು ಉಣ್ಣುತ್ತಿದ್ದೆ. ಮನೆಯವರಿಗೂ ಮಾಫಿ ಕೇಳುತ್ತಾರೆ ಎಂಬುದನ್ನು ಒಬ್ಬ ಕಲಾಯಿಯವನು ಗೋಣಿತಟ್ಟಿನ ಮೇಲೆ ಕೂತು ನನಗೆ ಹೇಳಿಕೊಡಬೇಕಾಯಿತು.

ಸ್ಟೀರಿಂಗನ್ನು ಮತ್ತೆ ಚೀಲದಲ್ಲಿ ಹಾಕಿಕೊಂಡು ಸಂಜೆ ಮನೆಗೆ ಹೋದಾಗ ಅವ್ವ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಎದುರಿಗೆ ಕೂತೆ. "ಅವ್ವಾ, ತಪ್ಪಾತು" ಎಂದೆ.

ಅವಳು ಹರಳು ಆರಿಸುತ್ತಲೇ ಇದ್ದಳು. "ಯಾವುದು?" ಎಂದಳು.

"ಹೆಸರು ಅಳಿಸಿದ್ದು."

"ಅಷ್ಟಽ ಏನು?"

"ಆ ಕಾರು ಯಾರದಂತ ನಾ ಎಂದೂ ಕೇಳಲಿಲ್ಲ. ನೀ ಯಾಕ ಯಾವಾಗಲೂ ಹಿಂದ ಕುಂದರ್ತಿ ಅಂತನೂ ಕೇಳಲಿಲ್ಲ" ಎಂದೆ. ಐವತ್ತನಾಲ್ಕನೆಯ ವಯಸ್ಸಿನಲ್ಲಿ ಅವ್ವನ ಮುಂದೆ ಅಳುವುದು ನಾಚಿಕೆಯ ಕೆಲಸ. ಅತ್ತೆ. ಅವಳು ಸಮಾಧಾನ ಮಾಡಲಿಲ್ಲ. ಮೊರ ಕೊಡವಿ ಕೆಳಗಿಟ್ಟು, "ನಾಳಿ ಸುರಪುರಕ್ಕ ಎಷ್ಟು ಗಂಟೆಗದ ಬಸ್ಸು?" ಎಂದು ಕೇಳಿದಳು.

ಮರುದಿನ ಬೆಳಿಗ್ಗೆ ಹೊರಟೆವು. ಅವ್ವ ಸ್ಟೀರಿಂಗನ್ನು ನನ್ನ ಕೈಗೆ ಕೊಡಲಿಲ್ಲ, ಬಟ್ಟೆ ಕೂಡ ಸುತ್ತದೆ ತೊಡೆಯ ಮೇಲಿಟ್ಟುಕೊಂಡು ಕಿಟಕಿಯ ಪಕ್ಕ ಕೂತಳು. "ಆಯೀ, ಬಸ್ಸು ನೀನಽ ನಡಸ್ತೀಯೇನು?" ಎಂದ ಕಂಡಕ್ಟರ್. "ಯಾಕ, ನಿನಗ ಅಂಜಿಕಿ ಬಂತೇನು?" ಎಂದಳು ಅವ್ವ. ಬಸ್ಸೆಲ್ಲ ನಕ್ಕಿತು, ಅವಳೂ ನಕ್ಕಳು. ಅವಳು ಹೊರಗಿನವರ ಜೊತೆ ಹಾಗೆ ಮಾತಾಡಬಲ್ಲಳು ಎಂಬುದು ನನಗೆ ಗೊತ್ತೇ ಇರಲಿಲ್ಲ.

ಬೇವಿನ ಮರದ ಕೆಳಗೆ ಬಾಷುಮಿಯಾ ಅವಳನ್ನು ಕಂಡವನೇ ಎದ್ದು ನಿಂತ. ಹಂಪಣ್ಣ ಹೋಟೆಲಿನ ಒಳಗಿನಿಂದ ಸ್ಟೂಲು ತಂದಿಟ್ಟ. ಅವ್ವ ಸ್ಟೂಲಿನ ಮೇಲೆ ಕೂರಲಿಲ್ಲ, ಗೋಣಿತಟ್ಟಿನ ಅಂಚಿನಲ್ಲಿ ಕೂತಳು. ಬಾಷುಮಿಯಾ ಜೇಬಿನಿಂದ ಉಳಿ ತೆಗೆದ. ಅದು ಅಲ್ಲಿಗೆ ಯಾವಾಗ ವಾಪಸು ಬಂದಿತ್ತೋ ನನಗೆ ತಿಳಿಯದು.

"ಯಾರ ಹೆಸರ್ರಿ, ಅವ್ವಾರ?" ಎಂದು ಕೇಳಿದ, ಗೊತ್ತಿಲ್ಲದವನ ಹಾಗೆ.

"ಕಲ್ಯಾಣಮ್ಮ" ಎಂದಳು ಅವ್ವ. ದನಿ ಮೊದಲು ಸಣ್ಣಗಿತ್ತು. ಒಮ್ಮೆ ಸುತ್ತ ನೋಡಿದಳು. "ಕಲ್ಯಾಣಮ್ಮ. ನನ್ನ ಹೆಸರು. ಇದು ನನ್ನ ಕಾರಿಂದು."

ಬಾಷುಮಿಯಾ ಸ್ಟೀರಿಂಗನ್ನು ಬೋರಲು ಹಾಕಿ, ತಗ್ಗು ಬಿದ್ದ ಕಡ್ಡಿಯನ್ನು ಬಿಟ್ಟು ಅದರ ಪಕ್ಕದ್ದನ್ನು ಚಿಂದಿಯಿಂದ ಒರೆಸಿದ. "ಇದರ ಹಿಂದ ಹಾಕ್ತೀನ್ರಿ. ಇಲ್ಲಿ ಗಟ್ಟಿ ಅದ. ಮೊದಲಿನಂಗ ಯಾರಿಗೂ ಕಾಣಂಗಿಲ್ಲ."

ಅವ್ವ ಕೈ ಚಾಚಿ ಸ್ಟೀರಿಂಗನ್ನು ಅವನ ತೊಡೆಯ ಮೇಲೆಯೇ ತಿರುವಿದಳು. ಬಿಸಿಲು ಬಿದ್ದು ಅದು ಫಳ್ಳೆಂದಿತು.

"ಹಿಂದ ಬ್ಯಾಡ" ಎಂದಳು. "ಮುಂದ ಹಾಕು. ನಡಸಾಂವಗ ದಿನಾ ಕಾಣಬೇಕು."

ಬಾಷುಮಿಯಾ ನನ್ನ ಕಡೆ ನೋಡಲಿಲ್ಲ, ನನ್ನನ್ನು ಕೇಳಲೂ ಇಲ್ಲ. ಕಡ್ಡಿಯ ಮೇಲೆ ಉಳಿ ಇಟ್ಟು ಸುತ್ತಿಗೆ ಎತ್ತಿದ. ನಾನು ತಲೆ ತಗ್ಗಿಸಿಕೊಂಡು ಪಕ್ಕದಲ್ಲಿ ನಿಂತಿದ್ದೆ.